ಕಾಂತದಲ್ಲಿ ವಿಕಿರಣವಿಲ್ಲ

ಶ್ವಾಸಕೋಶದ ಕ್ಯಾನ್ಸರಿಗೆ ವಿಕಿರಣ ಚಿಕಿತ್ಸೆ, ಅಂದರೆ ಕಡೂರು, ತರೀಕೆರೆ, ಅಜ್ಜಂಪುರದ ಕಡೆಯ ಮಾತಿನಲ್ಲಿ ‘ಕರೆಂಟ್ ಕೊಡಿಸುವುದು’, ನಿಗದಿಯಾದಾಗ ಏಳುವ ಅಪನಂಬಿಕೆಗಳಲ್ಲಿ ಅತ್ಯಂತ ಹಠಮಾರಿಯಾದದ್ದು ಎಂ.ಆರ್.ಐ. ಕುರಿತದ್ದು: ಆ ಯಂತ್ರವೂ ವಿಕಿರಣವನ್ನೇ ಸೂಸುತ್ತದೆ, ಆದ್ದರಿಂದ ಎಂ.ಆರ್.ಐ. ನೋಡಿಕೊಂಡು ಕೊಡುವ ಚಿಕಿತ್ಸೆಯೆಂದರೆ ಇಮ್ಮಡಿ ವಿಕಿರಣ, ಇಮ್ಮಡಿ ಉಷ್ಣ ಎಂಬುದು. ವಿಜ್ಞಾನ ಓದಿದವರೂ ಇದನ್ನು ಪುನರುಚ್ಚರಿಸುವುದು ಸಹನೆ ಕೆಡಿಸುವ ಸಂಗತಿ. ಸತ್ಯ ಇದಕ್ಕೆ ನೇರ ವಿರುದ್ಧವಾಗಿದೆ.

ಎಂ.ಆರ್.ಐ. ಬಳಸುವುದು ಬಲವಾದ ಕಾಂತಕ್ಷೇತ್ರವನ್ನು ಮತ್ತು ರೇಡಿಯೋ ತರಂಗಗಳನ್ನು. ದೇಹದ ನೀರು ಮತ್ತು ಕೊಬ್ಬಿನಲ್ಲಿರುವ ಹೈಡ್ರೋಜನ್ ಪರಮಾಣುಬೀಜಗಳು ಆ ಕ್ಷೇತ್ರದತ್ತ ವಾಲಿ, ರೇಡಿಯೋ ತರಂಗ ತಾಕಿದಾಗ ಕದಲಿ, ನೆಲೆಗೆ ಮರಳುವಾಗ ಹೊಮ್ಮಿಸುವ ಕ್ಷೀಣ ಸಂಕೇತಗಳಿಂದಲೇ ಗಣಕವು ಚಿತ್ರವನ್ನು ಕಟ್ಟುತ್ತದೆ. ಆ ತರಂಗಗಳು ಭದ್ರಾವತಿ ಆಕಾಶವಾಣಿಯ ಧ್ವನಿಯನ್ನು ತರೀಕೆರೆಯ ಮನೆಗಳಿಗೆ ಹೊತ್ತು ತರುವ ತರಂಗಗಳ ಜಾತಿಯವೇ. ಅಂಗಾಂಶವನ್ನು ಅವು ತುಸು ಬೆಚ್ಚಗಾಗಿಸಬಲ್ಲವು, ಅದಕ್ಕೂ ಸುರಕ್ಷತೆಯ ಮಿತಿಯಿದೆ. ಪರಮಾಣುವಿನಿಂದ ಇಲೆಕ್ಟ್ರಾನನ್ನು ಕಿತ್ತು ಡಿ.ಎನ್.ಎ. ಮುರಿಯುವ ಅಯಾನೀಕರಣದ ಶಕ್ತಿ ಅವುಗಳಿಗಿಲ್ಲ. ಆ ಶಕ್ತಿ ಇರುವುದು ಲಿನಾಕ್, ಅಂದರೆ ರೇಖೀಯ ವೇಗವರ್ಧಕ ಯಂತ್ರ ಹೊಮ್ಮಿಸುವ ಎಕ್ಸ್-ಕಿರಣಗಳಿಗೆ, ಸಿ.ಟಿ. ಸ್ಕ್ಯಾನ್ ಕೂಡ ಅಲ್ಪ ಪ್ರಮಾಣದಲ್ಲಿ ಎಕ್ಸ್-ಕಿರಣವನ್ನೇ ಬಳಸುತ್ತದೆ.

ಎಂ.ಆರ್.ಐ.ಯ ನಿಜವಾದ ಉಪಯೋಗ ಹುಟ್ಟುವುದು ಇಲ್ಲಿಂದಲೇ. ಉಸಿರಾಡಿದಂತೆಲ್ಲ ಶ್ವಾಸಕೋಶದ ಗಡ್ಡೆ ಜರುಗುತ್ತದೆ. ವಪೆಯ ಸಮೀಪದ ಕೆಳಭಾಗದಲ್ಲಿ ಈ ಚಲನೆ 1–2 ಸೆಂಟಿಮೀಟರ್ ಆಗುವುದೂ ಉಂಟು. ಗಡ್ಡೆ ತಪ್ಪಿಹೋಗದಿರಲೆಂದು ಸುತ್ತಲಿನ ಆರೋಗ್ಯವಂತ ಭಾಗವನ್ನೂ ಸೇರಿಸಿ ಕಿರಣ ಹಾಯಿಸಬೇಕಾಗುತ್ತದೆ. ಎಂ.ಆರ್.ಐ. ವಿಕಿರಣರಹಿತವಾದ್ದರಿಂದ ಕಿರಣ ಹರಿಯುತ್ತಿರುವ ಅಷ್ಟೂ ಹೊತ್ತು ಚಿತ್ರ ತೆಗೆಯುತ್ತ, ಗಡ್ಡೆ ಗುರಿಯೊಳಗಿದ್ದಾಗ ಮಾತ್ರ ಕಿರಣ ಬಿಟ್ಟು, ಜಾರಿದೊಡನೆ ತಡೆಯಲು ಸಾಧ್ಯ. ಅನ್ನನಾಳ, ಹೃದಯಗಳ ಪಕ್ಕದ ಗಡ್ಡೆಗಳಲ್ಲಿ ಅಂದಂದಿನ ಚಿತ್ರ ನೋಡಿ ಯೋಜನೆಯನ್ನೇ ತಿದ್ದಲೂಬಹುದು. ಹೀಗೆ ಆರೋಗ್ಯವಂತ ಅಂಗಾಂಶಕ್ಕೆ ತಗಲುವ ವಿಕಿರಣವನ್ನು ಇಳಿಸಲೆಂದೇ ರೂಪುಗೊಂಡ ಉಪಾಯವನ್ನು ಇಮ್ಮಡಿ ವಿಕಿರಣವೆಂದು ದೂರುವುದು ಅನ್ಯಾಯ. ಕಾಂತ ಮತ್ತು ವೇಗವರ್ಧಕ ಒಂದರ ಕೆಲಸವನ್ನೊಂದು ಕೆಡಿಸುವುದರಿಂದ ಇವೆರಡನ್ನು ಕೂಡಿಸಲು ದಶಕಗಳೇ ಹಿಡಿದವು, 1.5 ಟೆಸ್ಲಾ ಬಲದ, ಅಂದರೆ ಭೂಮಿಯ ಕಾಂತಕ್ಷೇತ್ರಕ್ಕಿಂತ ಸುಮಾರು 30 ಸಾವಿರ ಪಟ್ಟು ಪ್ರಬಲವಾದ ಕ್ಷೇತ್ರವುಳ್ಳ ಇಂಥ ಲಿನಾಕ್‌ನಲ್ಲಿ ರೋಗಿಗಳಿಗೆ ಮೊದಲು ಚಿಕಿತ್ಸೆ ದೊರೆತದ್ದು 2017ರಲ್ಲಿ, ನೆದರ್ಲೆಂಡ್ಸ್‌ನ ಉಟ್ರೆಕ್ಟ್‌ನಲ್ಲಿ.

ಹಾಗೆಂದು ಇದು ಎಲ್ಲರಿಗೂ ಬೇಕಾದ ಯಂತ್ರವೆಂಬ ಇನ್ನೊಂದು ತುದಿಯ ನಂಬಿಕೆಯೂ ಸರಿಯಲ್ಲ. ಗಾಳಿ ತುಂಬಿದ ಶ್ವಾಸಕೋಶವು ಎಂ.ಆರ್.ಐ.ಗೆ ಕಷ್ಟದ ಅಂಗ; ಗಾಳಿ ಮತ್ತು ಅಂಗಾಂಶ ಸೇರುವೆಡೆ ಕಾಂತಕ್ಷೇತ್ರವು ಇಲೆಕ್ಟ್ರಾನುಗಳ ದಾರಿಯನ್ನು ಬಾಗಿಸುವುದರಿಂದ ಲೆಕ್ಕಾಚಾರ ಜಟಿಲವಾಗುತ್ತದೆ; ಹಲವು ಪೇಸ್‌ಮೇಕರುಗಳಿಗೆ ಅದು ಹೊಂದದು. ಉಸಿರಾಟದ ಹಂತಗಳನ್ನು ದಾಖಲಿಸುವ ಸಿ.ಟಿ. ನೆರವಿನ ಸಾಮಾನ್ಯ ಲಿನಾಕ್ ಬಹುಪಾಲು ರೋಗಿಗಳಿಗೆ ಸಾಕಾಗುತ್ತದೆ. ಹೊಸ ಯಂತ್ರಕ್ಕಾಗಿಯೇ ಅಡಿಕೆ ತೋಟ ಅಡವಿಡುವ ಅಗತ್ಯವಿಲ್ಲ.

ಉಳಿದ ನಂಬಿಕೆಗಳಿಗೆ ಒಂದೊಂದು ಮಾತು ಸಾಕು. ಹೊರಗಿನಿಂದ ಕಿರಣ ಪಡೆದವರ ಮೈಯಲ್ಲಿ ವಿಕಿರಣ ಉಳಿಯದು, ಅವರ ತಟ್ಟೆ ಲೋಟಗಳನ್ನು ಬೇರೆಯಿಡುವುದು ಕ್ರೌರ್ಯ. ಬೀಡಿ ಸಿಗರೇಟು ಮುಟ್ಟದವರಿಗೂ ಶ್ವಾಸಕೋಶದ ಕ್ಯಾನ್ಸರ್ ಬರುತ್ತದೆ. ಆಯಸ್ಕಾಂತದ ಹಾಸಿಗೆ, ಬಳೆಗಳು ಯಾವ ಗಡ್ಡೆಯನ್ನೂ ಕರಗಿಸವು. ವಿಕಿರಣದ ಹೆಸರಿಗೇ ಬೆಚ್ಚುವ ಮನೆಯವರು ಊರೂರಿಗೆ ಬರುವ ಹಾಸಿಗೆಯ ಮಾರಾಟಗಾರನನ್ನು ಒಂದು ಪ್ರಶ್ನೆಯನ್ನೂ ಕೇಳದೆ ನಂಬುತ್ತಾರೆ. ವೈದ್ಯರ ಮಾತಿಗೆ ಬೇಕೆನ್ನುವ ಪುರಾವೆ ವಾಟ್ಸ್ಆ್ಯಪ್ ಸಂದೇಶಕ್ಕೆ ಬೇಡವಾಗಿದೆ.

ಇಮ್ಮಡಿ ಉಷ್ಣದ ನಂಬಿಕೆಯ ದೊಡ್ಡ ಕೇಡು ಚಿಕಿತ್ಸೆಯ ನಡುವೆ ಕಾಣುತ್ತದೆ. ಕಾಯಿಲೆ ಸ್ವಲ್ಪ ಮುಂದುವರಿದವರಿಗೆ ಸಾಮಾನ್ಯವಾಗಿ ಸುಮಾರು 6 ವಾರಗಳಲ್ಲಿ 30 ಸರದಿ ಚಿಕಿತ್ಸೆ ಇರುತ್ತದೆ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆ ಕಡೂರಿನಿಂದ 200 ಕಿ.ಮೀ.ಗೂ ದೂರವಿರುವಾಗ, ಮೈ ತಂಪಾಗಲೆಂದು ಎಳನೀರು ಕುಡಿಯುತ್ತ ಊರಲ್ಲೇ ನಾಲ್ಕು ದಿನ ಉಳಿದುಬಿಡುವುದು ಸುಲಭ. ಆದರೆ ಆರೋಗ್ಯವಂತ ಕೋಶಗಳು ಚೇತರಿಸಿಕೊಳ್ಳುವ ಬಿಡುವು ಸರದಿಗಳ ಲೆಕ್ಕದಲ್ಲೇ ಸೇರಿದೆ. ಅದನ್ನು ಮೀರಿದ ಪ್ರತಿ ದಿನವೂ ಉಳಿದ ಕ್ಯಾನ್ಸರ್ ಕೋಶಗಳು ಮತ್ತೆ ದ್ವಿಗುಣಗೊಳ್ಳಲು ಸಿಕ್ಕ ಅವಕಾಶ. ಒಂದು ಸರದಿ ತಪ್ಪಿದರೆ ಅದೇ ದಿನ ವೈದ್ಯರಿಗೆ ತಿಳಿಸಿದಲ್ಲಿ ಅದನ್ನು ಸರಿದೂಗಿಸುವ ಕ್ರಮಗಳುಂಟು.