ಟಾರ್ಕ್ ವ್ರೆಂಚ್

ಟಾರ್ಕ್ ವ್ರೆಂಚ್ ಎಂಬುದು ನಟ್ಟು-ಬೋಲ್ಟುಗಳನ್ನು ನಿಗದಿತ ತಿರುಚುಬಲದಷ್ಟೇ ಬಿಗಿಗೊಳಿಸಲು ಬಳಸುವ ಕೈ ಉಪಕರಣ. ಈ ಬಲವನ್ನು ನ್ಯೂಟನ್-ಮೀಟರ್‌ಗಳಲ್ಲಿ ಅಳೆಯಲಾಗುತ್ತದೆ. ಬಿಗಿತ ಕಡಿಮೆಯಾದರೆ ವಾಹನ ಓಡುತ್ತಿರುವಾಗಲೇ ಚಕ್ರದ ನಟ್ಟು ಸಡಿಲಗೊಳ್ಳಬಹುದು. ಹೆಚ್ಚಾದರೆ ಬೋಲ್ಟಿನ ಥ್ರೆಡ್ ಹಾಳಾಗುತ್ತದೆ.

ಕಡಿಮೆ ಬೆಲೆಯವುಗಳಲ್ಲಿ ಬೀಮ್ ಮಾದರಿಯೇ ಹೆಚ್ಚು ನಂಬಲರ್ಹ. ಬಲ ಹಾಕಿದಂತೆ ಅದರ ದಂಡವು ತುಸು ಬಾಗುತ್ತದೆ, ಬಾಗದೆ ಉಳಿಯುವ ಮುಳ್ಳು ಪಟ್ಟಿಯ ಮೇಲೆ ಅಳತೆಯನ್ನು ತೋರಿಸುತ್ತದೆ. ಸವೆಯುವ ಬಿಡಿಭಾಗಗಳು ಇಲ್ಲವೆನ್ನುವಷ್ಟು ಕಡಿಮೆ. ಮುಳ್ಳನ್ನು ನೇರವಾಗಿ ನೋಡಿ ಓದಬೇಕಾದುದರಿಂದ ಇಕ್ಕಟ್ಟಿನ ಜಾಗದಲ್ಲಿ ಮಾತ್ರ ತೊಡಕಾಗುತ್ತದೆ.

ಕ್ಲಿಕ್ ಮಾದರಿಯು ನಿಗದಿತ ಬಲ ತಲುಪಿದಾಗ ಸದ್ದು ಮಾಡುತ್ತದೆ. 10 ನ್ಯೂಟನ್-ಮೀಟರ್‌ಗಿಂತ ಹೆಚ್ಚಿನ ಸಾಮರ್ಥ್ಯದವುಗಳಿಗೆ ಐಎಸ್‌ಒ 6789 ಮಾನಕವು ಶೇ. 4ರಷ್ಟು ವ್ಯತ್ಯಾಸವನ್ನು ಒಪ್ಪುತ್ತದೆ. ಕೆಲಸ ಮುಗಿದ ಮೇಲೆ ಇದರ ಸ್ಪ್ರಿಂಗನ್ನು ಕನಿಷ್ಠ ಅಳತೆಗೆ ಇಳಿಸಿಡಬೇಕು. ತುಕ್ಕು ಹಿಡಿದ ನಟ್ಟನ್ನು ಬಿಚ್ಚಲು ಇದನ್ನು ಬಳಸಬಾರದು. ಆ ಕೆಲಸಕ್ಕೆ ಉದ್ದ ಹಿಡಿಯ ಸಾಮಾನ್ಯ ಸ್ಪ್ಯಾನರ್ ಸಾಕು.