ವಾಹನದ ಸಂಖ್ಯಾಫಲಕ: ಆಯ್ದು ಪಡೆದ ಸಂಖ್ಯೆ ಮತ್ತು ಅದನ್ನು ಬರೆಯುವ ನಿಯಮ

ಹೊಸ ವಾಹನ ಕೊಂಡವರ ಮನೆಗೆ ಪೇಡೆ ತಿನ್ನಲು ಹೋದವರು ವಾಹನದ ಬಣ್ಣ, ಬೆಲೆಗಳ ತರುವಾಯ ತಪ್ಪದೆ ಕೇಳುವ ಪ್ರಶ್ನೆಯೊಂದಿದೆ: “ನಂಬರು ಯಾವುದು ಬಂತು?” ಅಂಕಿಗಳನ್ನು ಕೂಡಿದಾಗ ಒಂಬತ್ತು ಬಂದರೆ ಎಲ್ಲರಿಗೂ ಸಮಾಧಾನ, ಎಂಟು ಬಂದರೆ ಅಜ್ಜಿಯ ಮುಖ ಸಣ್ಣದಾಗುತ್ತದೆ. ಕೆಲವರು ಮಗಳ ಹುಟ್ಟಿದ ದಿನಾಂಕವನ್ನು, ಕೆಲವರು ಹಳೆಯ ಸ್ಕೂಟರಿನ ಸಂಖ್ಯೆಯನ್ನು ಹೊಸ ಕಾರಿಗೂ ಬಯಸುತ್ತಾರೆ. ಈ ಬಯಕೆಯಲ್ಲಿ ತಪ್ಪೇನೂ ಇಲ್ಲ. ಅದಕ್ಕೆ ಕಾನೂನು ಮಾರ್ಗವನ್ನೂ ಒದಗಿಸಿದೆ. ಆದರೆ ಸಂಖ್ಯೆಯನ್ನು ಆರಿಸಿಕೊಳ್ಳುವುದು ಬೇರೆ, ಅದನ್ನು ಇಷ್ಟ ಬಂದಂತೆ ಬರೆಸಿಕೊಳ್ಳುವುದು ಬೇರೆ. ಈ ವ್ಯತ್ಯಾಸವು ನಮ್ಮವರಲ್ಲಿ ಅನೇಕರಿಗೆ ತಿಳಿದಂತಿಲ್ಲ.

ಇಂಗ್ಲೆಂಡ್, ಅಮೆರಿಕಗಳಲ್ಲಿ ಹಣ ತೆತ್ತು ಫಲಕದ ಮೇಲೆ ತಮ್ಮ ಹೆಸರನ್ನೇ ಹೋಲುವ ಅಕ್ಷರಗಳನ್ನು ಪಡೆಯುವವರಿದ್ದಾರೆ. ನಮ್ಮ ದೇಶದಲ್ಲಿ ಆ ಅವಕಾಶವಿಲ್ಲ. ರಾಜ್ಯದ ಸಂಕೇತ, ಸಾರಿಗೆ ಕಚೇರಿಯ ಸಂಕೇತ, ಸರಣಿಯ ಅಕ್ಷರಗಳು ಇವೆಲ್ಲ ಇಲಾಖೆ ಕೊಟ್ಟಂತೆಯೇ. ಕೊನೆಯ ನಾಲ್ಕು ಅಂಕಿಗಳನ್ನು ಮಾತ್ರ ಶುಲ್ಕ ಕಟ್ಟಿಯೋ ಹರಾಜಿನಲ್ಲಿ ಕೂಗಿಯೋ ಆಯ್ದುಕೊಳ್ಳಬಹುದು. ಮಹಾರಾಷ್ಟ್ರದಲ್ಲಿ 2024ರ ಆಗಸ್ಟ್ ಅಂತ್ಯದಲ್ಲಿ ಈ ಶುಲ್ಕಗಳನ್ನು ಏರಿಸಲಾಯಿತು. ಮುಂಬಯಿ, ಪುಣೆಗಳಂಥ ಬೇಡಿಕೆಯ ನಗರಗಳಲ್ಲಿ ನಾಲ್ಕು ಚಕ್ರದ ವಾಹನಕ್ಕೆ 0001 ಬೇಕಾದರೆ 4 ಲಕ್ಷವಿದ್ದುದು 6 ಲಕ್ಷ ರೂಪಾಯಿಯಾಯಿತು. ಕೇರಳದಲ್ಲಿ 2025ರ ಏಪ್ರಿಲ್‌ನಲ್ಲಿ 0007 ಎಂಬ ಸಂಖ್ಯೆ ಹರಾಜಿನಲ್ಲಿ 45.99 ಲಕ್ಷಕ್ಕೆ ಹೋಯಿತು. ಅದೇ ವರ್ಷದ ನವೆಂಬರಿನಲ್ಲಿ ಹರಿಯಾಣದ 8888ಕ್ಕೆ 1.17 ಕೋಟಿಯ ಕೂಗು ಬಂದು, ಕೂಗಿದವರು ಹಣ ಕಟ್ಟದೆ ಹೋದುದನ್ನು ಪತ್ರಿಕೆಗಳಲ್ಲಿ ಎಲ್ಲರೂ ಓದಿದ್ದೇವೆ. ಬ್ಯಾಂಕಿನಲ್ಲಿ ಸಾಲದ ಅರ್ಜಿಗಳನ್ನು ನೋಡುತ್ತ ಬಂದ ನನಗೆ, ಕಾರಿಗಿಂತ ಅದರ ಸಂಖ್ಯೆಗೇ ಹೆಚ್ಚು ಬೆಲೆ ಎಂಬುದು ಇಂದಿಗೂ ಅರಗದ ವಿಷಯ. ಅದು ಅವರವರ ಹಣ, ಅವರವರ ಹರ್ಷ.

ತೊಡಕು ಆರಂಭವಾಗುವುದು ಬರೆಯುವಲ್ಲಿ. 8055 ಎಂಬುದನ್ನು ಇಂಗ್ಲಿಷಿನ ‘ಬಾಸ್’ ಎಂದು ಕಾಣುವಂತೆ, 214ನ್ನು ದೇವನಾಗರಿಯ ‘ರಾಮ’ ಎಂದು ಕಾಣುವಂತೆ ತಿರುಚಿ ಬರೆಸುವವರನ್ನು ನಮ್ಮ ರಸ್ತೆಗಳಲ್ಲಿ ದಿನವೂ ನೋಡುತ್ತೇವೆ. 4141ನ್ನು ‘ಪಾಪಾ’ ಎಂದು ಬರೆಸಿದ್ದ ಕಾರೊಂದಕ್ಕೆ ಉತ್ತರಾಖಂಡದ ಪೊಲೀಸರು 2022ರಲ್ಲಿ ದಂಡ ಹಾಕಿದ ಸುದ್ದಿ ಆಗ ಬಹಳ ನಗೆ ತರಿಸಿತ್ತು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 50 ಮತ್ತು 51ನೆಯ ನಿಯಮಗಳು ಈ ವಿಷಯದಲ್ಲಿ ಸ್ಪಷ್ಟವಾಗಿವೆ. ಅಕ್ಷರಗಳು ಇಂಗ್ಲಿಷಿನಲ್ಲಿಯೂ ಅಂಕಿಗಳು ಅರೇಬಿಕ್ ರೂಪದಲ್ಲಿಯೂ ಇರತಕ್ಕದ್ದು. ಕಾರಿನ ಫಲಕದಲ್ಲಿ ಅವುಗಳ ಎತ್ತರ 65 ಮಿಲಿಮೀಟರ್, ದಪ್ಪ 10, ನಡುವಣ ಅಂತರ 10. ಮೋಟಾರು ಸೈಕಲ್ಲಿನ ಹಿಂಭಾಗದಲ್ಲಿ ಅಕ್ಷರ 35, ಅಂಕಿ 40 ಮಿಲಿಮೀಟರ್ ಎತ್ತರ. ರಾತ್ರಿಯ ವೇಳೆ ಹಿಂಬದಿಯ ಫಲಕವು 15 ಮೀಟರ್ ದೂರದಿಂದ ಓದಲು ಬರುವಂತೆ ದೀಪವಿರಬೇಕು. ದೇವರ ಚಿತ್ರ, ಜಾತಿಯ ಹೆಸರು, ಪಕ್ಷದ ಚಿಹ್ನೆ ಇವುಗಳಿಗೆ ಫಲಕದಲ್ಲಿ ಸ್ಥಳವಿಲ್ಲ. ಉಲ್ಲಂಘಿಸಿದವರಿಗೆ ಮೋಟಾರು ವಾಹನ ಕಾಯಿದೆಯ 177ನೆಯ ಕಲಮಿನ ಮೇರೆಗೆ ಮೊದಲ ಸಲ 500 ರೂಪಾಯಿ, ಮತ್ತೆ ತಪ್ಪಿದರೆ 1,500 ರೂಪಾಯಿಯವರೆಗೆ ದಂಡ.

ಹಾಗಾದರೆ ಕನ್ನಡ ಅಂಕಿಗಳು? ಈ ಪ್ರಶ್ನೆಯನ್ನು ನಮ್ಮ ಸಂಘದ ಸಭೆಗಳಲ್ಲಿ ಹಲವರು ಕೇಳಿದ್ದಾರೆ. ಉತ್ತರಿಸುವ ಅಧಿಕಾರ ನನಗೆ ಅನುಭವದಿಂದಲೇ ಬಂದಿದೆ.

1995ರಲ್ಲಿ ನನಗೆ ಧಾರವಾಡದಿಂದ ಮುಂಬಯಿಗೆ ವರ್ಗವಾದಾಗ ಸ್ಕೂಟರನ್ನೂ ರೈಲಿನಲ್ಲಿ ತಂದಿದ್ದೆ. ಅದರ ಫಲಕವನ್ನು ನಮ್ಮ ತಂದೆಯವರು ಪೇಂಟರನ ಬಳಿ ತಾವೇ ಕುಳಿತು ಕನ್ನಡ ಅಂಕಿಗಳಲ್ಲಿ ಬರೆಸಿದ್ದರು. ಊರು ಬಿಟ್ಟು ಬಂದವನಿಗೆ ಆ ಅಂಕಿಗಳನ್ನು ನೋಡಿದರೆ ಏನೋ ಧೈರ್ಯ. ಮರುವರ್ಷ ಮಾಟುಂಗಾ ನಿಲ್ದಾಣದ ಹತ್ತಿರ ನಿಲ್ಲಿಸಿದ್ದ ಸ್ಕೂಟರು ಸಂಜೆ ಬರುವಷ್ಟರಲ್ಲಿ ಇರಲಿಲ್ಲ. ದೂರು ಕೊಟ್ಟೆ. ಪ್ರತಿದಿನ ಠಾಣೆಗೆ ಅಲೆದೆ. ಹನ್ನೆರಡನೆಯ ದಿನ, ಬೇರೊಂದು ಠಾಣೆಯ ಅಂಗಳದಲ್ಲಿ ಬಿದ್ದಿದ್ದ ವಾಹನಗಳ ನಡುವೆ ನಾನೇ ಅದನ್ನು ಗುರುತಿಸಿದೆ. ಕಳ್ಳರು ಕದ್ದ ರಾತ್ರಿಯೇ ಅದನ್ನು ರಸ್ತೆಯ ಬದಿಗೆ ಬಿಟ್ಟುಹೋಗಿದ್ದರು. ಅದು ಅಷ್ಟೂ ದಿನ ಅಲ್ಲಿಯೇ ಇತ್ತು! ದಾಖಲೆಯ ಪುಸ್ತಕದಲ್ಲಿ ಸಂಖ್ಯೆಯ ಕಾಲಂ ತಪ್ಪಾಗಿತ್ತು. ಬರೆದುಕೊಂಡವರು ನಮ್ಮ ‘೧’ ಅನ್ನು ಸೊನ್ನೆಯೆಂದೂ ‘೬’ ಅನ್ನು ಎರಡೆಂದೂ ಊಹಿಸಿದ್ದರು. ಅವರನ್ನು ದೂಷಿಸಲು ನನಗೆ ಬಾಯಿ ಬರಲಿಲ್ಲ. ಬಂಗಾಳಿ ಅಂಕಿಗಳನ್ನು ನಾನಾದರೂ ಹೇಗೆ ಓದುತ್ತಿದ್ದೆ? ಮರುದಿನವೇ ಫಲಕವನ್ನು ಬದಲಿಸಿದೆ. ತಂದೆಯವರಿಗೆ ಅದನ್ನು ಪತ್ರದಲ್ಲಿ ತಿಳಿಸುವುದಕ್ಕೆ ಮಾತ್ರ ಎರಡು ವಾರ ಹಿಡಿಯಿತು.

ಒಂದು ಅಪಘಾತವನ್ನು ಕಲ್ಪಿಸಿಕೊಂಡರೆ ವಿಷಯದ ಗಾಂಭೀರ್ಯ ಇನ್ನಷ್ಟು ತಿಳಿಯುತ್ತದೆ. ಢಿಕ್ಕಿ ಹೊಡೆದು ಓಡಿದ ವಾಹನದ ಸಂಖ್ಯೆಯನ್ನು ಓದಲು ಸಾಕ್ಷಿದಾರನಿಗೆ ಸಿಗುವುದು ಎರಡು ಮೂರು ಕ್ಷಣ. ಈಗ ರಸ್ತೆಯ ಕ್ಯಾಮೆರಾಗಳೂ ಇದೇ ಕೆಲಸ ಮಾಡುತ್ತವೆ. ಅಂಕಿ ತಿರುಚಿದವನ ದಂಡದ ಚಲನ್ ಯಾರೋ ನಿರಪರಾಧಿಯ ಮೊಬೈಲಿಗೆ ಬರಬಹುದು.

ಕೈಬರಹದ ಫಲಕಗಳ ಕಾಲ ಮುಗಿದಿದೆಯೆಂದೇ ಹೇಳಬೇಕು. ಅತಿಸುರಕ್ಷಿತ ನೋಂದಣಿ ಫಲಕದ ನಿಯಮ 2001ರಲ್ಲಿಯೇ ಬಂದಿದ್ದರೂ ದೇಶದಾದ್ಯಂತ ಹೊಸ ವಾಹನಗಳಿಗೆ ಅದು ಕಡ್ಡಾಯವಾದುದು 2019ರ ಏಪ್ರಿಲ್ 1ರಿಂದ. ಒಂದು ಮಿಲಿಮೀಟರ್ ದಪ್ಪದ ಅಲ್ಯೂಮಿನಿಯಮ್ ತಗಡು, ನೀಲಿ ಅಶೋಕ ಚಕ್ರದ ಹೊಲೊಗ್ರಾಮ್, ಲೇಸರಿನಿಂದ ಕೊರೆದ ಗುರುತು ಸಂಖ್ಯೆ, ಒಮ್ಮೆ ಹಾಕಿದರೆ ಮುರಿಯದೆ ತೆಗೆಯಲಾಗದ ಬೀಗ ಇವು ಅದರ ಲಕ್ಷಣಗಳು. ಹಳೆಯ ವಾಹನಗಳಿಗೂ ಇದನ್ನು ಹಾಕಿಸಬೇಕೆಂದು ಮಹಾರಾಷ್ಟ್ರ ಸರಕಾರ ಆಜ್ಞಾಪಿಸಿ, ಗಡುವನ್ನು 2025ರಲ್ಲಿ ಮತ್ತೆ ಮತ್ತೆ ಮುಂದೂಡಿತು. ನಿಗದಿಯಾದ ದರ ತೆರಿಗೆಯ ಹೊರತಾಗಿ ದ್ವಿಚಕ್ರಕ್ಕೆ 450, ಕಾರಿಗೆ 745 ರೂಪಾಯಿ. ಹೆಚ್ಚು ಕೇಳುವ ನಕಲಿ ಜಾಲತಾಣಗಳೂ ಇರುವುದರಿಂದ ಸಾರಿಗೆ ಇಲಾಖೆಯ ಅಧಿಕೃತ ತಾಣದ ಮೂಲಕವೇ ಹೋಗುವುದು ಕ್ಷೇಮ.

ಊರಿನಿಂದ ತಂದ ಕೆಎ-19, ಕೆಎ-20, ಕೆಎ-25ರ ವಾಹನಗಳನ್ನು ವರ್ಷಾನುಗಟ್ಟಲೆ ಇಲ್ಲಿ ಓಡಿಸುವವರು ನಮ್ಮಲ್ಲಿ ಬಹಳ. ಊರಿನ ನೆನಪಿನ ಕಾರಣವೂ ಇದೆ, ತೆರಿಗೆ ಉಳಿಸುವ ಕಾರಣವೂ ಇದೆ! ಕಾಯಿದೆಯ 47ನೆಯ ಕಲಮಿನಂತೆ ಹನ್ನೆರಡು ತಿಂಗಳಿಗಿಂತ ಹೆಚ್ಚು ಕಾಲ ಬೇರೆ ರಾಜ್ಯದಲ್ಲಿ ಇರಿಸಿದ ವಾಹನಕ್ಕೆ ಅಲ್ಲಿನ ಹೊಸ ಸಂಖ್ಯೆ ಪಡೆಯಲೇಬೇಕು. ಮೊದಲು ನಮೂನೆ 28ರಲ್ಲಿ ಊರಿನ ಕಚೇರಿಯಿಂದ ನಿರಾಕ್ಷೇಪಣಾ ಪತ್ರ, ಬಳಿಕ ನಮೂನೆ 27ರಲ್ಲಿ ಇಲ್ಲಿ ಅರ್ಜಿ, ಇಲ್ಲಿನ ತೆರಿಗೆ, ಆಮೇಲೆ ಅಲ್ಲಿ ಕಟ್ಟಿದ್ದ ತೆರಿಗೆಯಲ್ಲಿ ಉಳಿದ ಅವಧಿಯ ಪಾಲನ್ನು ಮರಳಿ ಕೇಳುವುದು.

ವರ್ಗಾವಣೆಯ ನೌಕರಿಯವರಿಗೆ 2021ರ ಸೆಪ್ಟೆಂಬರ್ 15ರಿಂದ ಭಾರತ ಸರಣಿ, ಅಂದರೆ ‘ಬಿಎಚ್’ ಸಂಖ್ಯೆ, ಲಭ್ಯವಾಗಿದೆ. ರಕ್ಷಣಾ ಸಿಬ್ಬಂದಿ, ಸರಕಾರಿ ಮತ್ತು ಸಾರ್ವಜನಿಕ ವಲಯದ ನೌಕರರು, ನಾಲ್ಕು ಅಥವಾ ಹೆಚ್ಚು ರಾಜ್ಯಗಳಲ್ಲಿ ಕಚೇರಿಯಿರುವ ಖಾಸಗಿ ಸಂಸ್ಥೆಗಳ ನೌಕರರು ಇದಕ್ಕೆ ಅರ್ಹರು. ಖಾಸಗಿಯವರು ನಮೂನೆ 60ರ ಪ್ರಮಾಣಪತ್ರ ತರಬೇಕು. ತೆರಿಗೆಯನ್ನು ಎರಡೆರಡು ವರ್ಷಕ್ಕೆ ಕಟ್ಟಿದರಾಯಿತು; ರಾಜ್ಯ ಬದಲಾದರೂ ಸಂಖ್ಯೆ ಬದಲಾಗದು. 2022ರ ಡಿಸೆಂಬರಿನ ತಿದ್ದುಪಡಿಯ ಬಳಿಕ ಸಾಮಾನ್ಯ ನೋಂದಣಿಯ ಹಳೆಯ ವಾಹನವನ್ನೂ ಅರ್ಹರು ಈ ಸರಣಿಗೆ ಬದಲಿಸಿಕೊಳ್ಳಬಹುದು.