ಕೇದಗೆ ಅಡುಗೆಮನೆಗೆ ಬಂದ ದಾರಿ

ಅಷ್ಟಮಿ ಹತ್ತಿರವಾದರೆ ಮಂಗಳೂರು ಸೀಮೆಯ ಸಂತೆಗಳಲ್ಲಿ ಮೂಡೆ ಕಟ್ಟುವ ಎಲೆಸುರುಳಿಗಳು ಬಂದು ಬೀಳುತ್ತವೆ. ಅಂಚಿನ ಮುಳ್ಳು ಸವರಿ, ಬೆಂಕಿಗೆ ಹಿಡಿದು ಬಾಡಿಸಿ, ಕೊಳವೆಯ ಹಾಗೆ ಸುತ್ತಿ ಕಡ್ಡಿ ಚುಚ್ಚಿದ, ಕೇದಗೆ ಕುಲದ ಮುಂಡೇವಿನ ಎಲೆ ಅದು. ಒಳಗೆ ಉದ್ದು-ಅಕ್ಕಿಯ ಹಿಟ್ಟು ಹೊಯ್ದು ಹಬೆಯಲ್ಲಿ ಬೇಯಿಸುತ್ತಾರೆ. ಬಿಸಿ ಆರುವ ಮೊದಲೇ ಸುರುಳಿ ಬಿಚ್ಚಿದರೆ ಇಡ್ಲಿಯ ಮೈಮೇಲೆ ಎಲೆಯ ಗೆರೆ ಮೂಡಿರುತ್ತದೆ, ಘಮ್ಮೆಂದು ಒಂದು ಹಸಿರು ವಾಸನೆ ಮುಖಕ್ಕೆ ಬಡಿಯುತ್ತದೆ. ಹಿಟ್ಟಿಗೆ ಉಪ್ಪಿನ ಹೊರತು ಏನೂ ಬಿದ್ದಿಲ್ಲ. ಆ ಪರಿಮಳವೆಲ್ಲ ಎಲೆಯದು.

ಅದೇ ಕೇದಗೆ ಕುಲದ ಹೂವಿನ ಪರಿಮಳವನ್ನು ಬಟ್ಟಿ ಇಳಿಸಿ ಶೀಶೆಗೆ ತುಂಬುವ ಕಸುಬು ಒಡಿಶಾದ ಗಂಜಾಂ ಜಿಲ್ಲೆಯದು. ನಾವು ಜಡೆಗೆ ಮುಡಿಯುವ, ಯಕ್ಷಗಾನದ 'ಕೇದಗೆ ಮುಂದಲೆ' ಎಂಬ ಶಿರೋಭೂಷಣಕ್ಕೆ ಹೆಸರು ಕೊಟ್ಟ ಹೂವೇ ಅಲ್ಲಿ ಕೇವ್ಡಾ. ಬಿರಿಯಾನಿಯ ದಮ್ ತೆಗೆದಾಗ, ರಸಮಲಾಯಿಯನ್ನು ಬಾಯಿಗಿಟ್ಟಾಗ ಒಮ್ಮೊಮ್ಮೆ ಬರುವ ಆ ತಂಪು ಹೂವಿನ ವಾಸನೆ ಇದರದ್ದು.

ಕೇದಗೆಯಲ್ಲಿ ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. ಅನಾನಸಿನಂಥ ಕಾಯಿ ಬಿಡುವುದು ಹೆಣ್ಣು. ಮನಸೋಲಿಸುವ ಪರಿಮಳ ಗಂಡು ಹೂವಿನದು. ಅದರ ತಿಳಿಹಳದಿ ಎಸಳುಗಳ ಸುರುಳಿಯೊಳಗೇ ಸುಗಂಧ ತೈಲ ಅಡಗಿರುತ್ತದೆ. ಗಂಜಾಮಿನ ಛತ್ರಪುರ, ರಂಗೈಲುಂಡಾ ಕಡೆಯ ಕಡಲ ತೀರದಲ್ಲಿ, ಹೊಲಗಳ ಬೇಲಿಯುದ್ದಕ್ಕೂ ಈ ಗಿಡಗಳೇ. ಮುಖ್ಯ ಸುಗ್ಗಿ ಮಳೆಗಾಲದಲ್ಲಿ. ಬೆಳಗಿನ ಜಾವವೇ ಹೂ ಕೊಯ್ಯಬೇಕು. ಬಿಸಿಲೇರಿದಂತೆ ವಾಸನೆ ಹಾರುತ್ತದೆ, ಹಾಗಾಗಿ ಕೊಯ್ದ ಹೂ ಅಂದೇ ಹಂಡೆ ಸೇರಬೇಕು. ಮಾರಾಟ ತೂಕದ ಲೆಕ್ಕದಲ್ಲಲ್ಲ, ಹೂವಿನ ಎಣಿಕೆಯಲ್ಲಿ.

ಬಟ್ಟಿ ಇಳಿಸುವ ಬಗೆ ಕನೌಜಿನದು. ಆ ಊರಿನ ಅತ್ತರು ವ್ಯಾಪಾರಿಗಳೇ ಗಂಜಾಮಿಗೂ ಬಂದು ಭಟ್ಟಿ ಹೂಡಿದವರು. ಸೌದೆ ಒಲೆಯ ಮೇಲೆ ತಾಮ್ರದ ದೊಡ್ಡ ಹಂಡೆ, ಅದಕ್ಕೆ 'ದೇಗ್' ಎನ್ನುತ್ತಾರೆ. ಹೂವನ್ನೂ ನೀರನ್ನೂ ತುಂಬಿ, ಮುಚ್ಚಳದ ಸುತ್ತ ಮಣ್ಣು ಮೆತ್ತಿ ಉಗಿ ಸೋರದಂತೆ ಬಿಗಿಮಾಡುತ್ತಾರೆ. ಹಗ್ಗ ಸುತ್ತಿದ ಬಿದಿರಿನ ಕೊಳವೆಯಲ್ಲಿ ಉಗಿ ಹರಿದು, ನೀರಿನ ತೊಟ್ಟಿಯಲ್ಲಿ ಕೂತ 'ಭಪ್ಕಾ' ಎಂಬ ಇನ್ನೊಂದು ತಾಮ್ರದ ಪಾತ್ರೆ ಸೇರಿ ತಣಿಯುತ್ತದೆ. ಒಲೆಯ ಮುಂದೆ ಕೂತವನಿಗೆ ಥರ್ಮಾಮೀಟರ್ ಇಲ್ಲ. ಭಪ್ಕಾದ ಮೈ ಮುಟ್ಟಿ, ಹಂಡೆಯೊಳಗಿನ ಸದ್ದಿಗೆ ಕಿವಿಗೊಟ್ಟು ಬೆಂಕಿ ಹೆಚ್ಚಿಸುತ್ತಾನೆ, ತಗ್ಗಿಸುತ್ತಾನೆ. ಭಪ್ಕಾ ಬದಲಿಸುವ ಹೊತ್ತಿಗೆ ಹಂಡೆಗೆ ಒದ್ದೆ ಬಟ್ಟೆ ಒರೆಸಿ ಉಗಿಯನ್ನು ಕ್ಷಣಕಾಲ ತಡೆಯುತ್ತಾನೆ. ವರ್ಷಗಟ್ಟಲೆ ಪಳಗಿದ ಕೈಯ ಕೆಲಸ ಅದು.

ಹೀಗೆ ಇಳಿದ ಪರಿಮಳದ ನೀರೇ ಕೇವ್ಡಾ ನೀರು. ಅದರಿಂದ ತೈಲವನ್ನಷ್ಟೇ ಬೇರ್ಪಡಿಸಿದರೆ ರೂಹ್, ಅಂದರೆ ಆತ್ಮ. ಭಪ್ಕಾದಲ್ಲಿ ಮೊದಲೇ ಶ್ರೀಗಂಧದ ಎಣ್ಣೆ ಇಟ್ಟು ಅದರೊಳಗೆ ಪರಿಮಳ ಹಿಡಿದಿಟ್ಟರೆ ಅತ್ತರು. ಸಾವಿರಾರು ಹೂ ಬೆಂದರೂ ರೂಹ್ ಸಿಗುವುದು ಅಷ್ಟಿಷ್ಟೇ. ಕಿಲೋಗೆ ಲಕ್ಷಗಳ ಲೆಕ್ಕದಲ್ಲಿ ಅದರ ಬೆಲೆ. ಗಂಜಾಮಿನ ಹೂವಿಗೂ ರೂಹ್‌ಗೂ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಸಿಕ್ಕಿದೆ. ಆದರೆ ಬಹುಪಾಲನ್ನು ಕೊಳ್ಳುವವರು ಪಾನ್ ಮಸಾಲಾ, ಜರ್ದಾ ತಯಾರಕರು. ಇಷ್ಟು ಸೊಗಸಾದ ಹೂವು ತಂಬಾಕಿನ ಜತೆ ಸೇರುವುದು ನನಗೆ ನಿಜಕ್ಕೂ ನೋವಿನ ಸಂಗತಿ.

ಈ ಹೂವಿನ ಜಾಗ ಅಡುಗೆಮನೆ. ಸುಗಂಧ ತೈಲದಿಂದ ಅಡುಗೆ ಮಾಡುವುದೇನೂ ನಮಗೆ ಹೊಸತಲ್ಲ. ಏಲಕ್ಕಿ ಕುಟ್ಟಿ ಪಾಯಸಕ್ಕೆ ಉದುರಿಸಿದಾಗ, ಜೀರಿಗೆಯನ್ನು ತುಪ್ಪದಲ್ಲಿ ಚಟಗುಡಿಸಿದಾಗ ಹೊರಬರುವುದು ತೈಲವೇ. ಸಕ್ಕರೆ ಪೊಂಗಲಿಗೆ ಹಾಕುವ ಚಿಟಿಕೆ ಪಚ್ಚಕರ್ಪೂರವೂ ಇದೇ ಬಳಗದ್ದು. ಅಜ್ಜಿಯಂದಿರು ಏಲಕ್ಕಿಪುಡಿಯನ್ನು ಕೊನೆಗೇ ಏಕೆ ಹಾಕುತ್ತಿದ್ದರೋ ಕೇವ್ಡಾ ನೀರನ್ನೂ ಅದಕ್ಕೇ ಕೊನೆಗೆ ಹಾಕಬೇಕು: ಕುದಿಯುವ ಪಾತ್ರೆಗೆ ಹಾಕಿದರೆ ಉಗಿಯ ಜತೆ ಪರಿಮಳವೂ ಹೋಗುತ್ತದೆ. ಶಾವಿಗೆ ಪಾಯಸವನ್ನು ಒಲೆಯಿಂದ ಇಳಿಸಿ, ಬೆಚ್ಚಗಾದ ಮೇಲೆ ನಾಲ್ಕು ಜನರ ಪಾಲಿಗೆ ಒಂದು ಟೀ ಚಮಚ ಬೆರೆಸಿ ಮುಚ್ಚಿಡಿ. ಬಿರಿಯಾನಿಗಾದರೆ ದಮ್ ಕಟ್ಟುವ ಮುಂಚೆ ಅನ್ನದ ಮೇಲೆ ಚಿಮುಕಿಸಿ. ಉಗಿ ಒಳಗೇ ಉಳಿಯುವುದರಿಂದ ಅಗುಳು ಅಗುಳಿಗೂ ವಾಸನೆ ಹತ್ತುತ್ತದೆ. ಜತೆಗೆ ಒಂದಿಷ್ಟು ಗುಲಾಬಿ ನೀರೂ ಇರಲಿ. ಗುಲಾಬಿಯ ಪರಿಮಳದಲ್ಲಿರುವ ಒಂದು ಮುಖ್ಯ ಅಂಶಕ್ಕೂ ಕೇದಗೆಯ ಪ್ರಧಾನ ಅಂಶಕ್ಕೂ ರಸಾಯನಶಾಸ್ತ್ರದಲ್ಲಿ ಹತ್ತಿರದ ನಂಟಿದೆ, ಎರಡೂ ಒಂದಕ್ಕೊಂದು ಒಗ್ಗುತ್ತವೆ. ಬೇಸಿಗೆಯಲ್ಲಿ ನಿಂಬೆ ಪಾನಕಕ್ಕೆ ಅರ್ಧ ಚಮಚ ಹಾಕಿ ನೋಡಿ. ಹೆಚ್ಚಾದರೆ ಮಾತ್ರ ಬಾಯಲ್ಲಿ ಸೋಪು ಕರಗಿದಂತಾಗುತ್ತದೆ, ಆಮೇಲೆ ಸರಿಪಡಿಸಲು ದಾರಿಯಿಲ್ಲ.

ಕೊಳ್ಳುವಾಗ ಶೀಶೆಯ ಚೀಟಿ ಓದಿ. 'ನೀರು' ಎಂದಿದ್ದರೆ ಚಮಚದ ಅಳತೆ, 'ಎಸೆನ್ಸ್' ಎಂದಿದ್ದರೆ ಹನಿಯ ಅಳತೆ. ಸಹಜ ಪರಿಮಳವೋ ಕೃತಕವೋ ಎಂಬುದೂ ಅಲ್ಲೇ ಅಚ್ಚಾಗಿರುತ್ತದೆ. ಕೋಣೆಯ ಸುವಾಸನೆಗೆಂದೋ ಮೈಗೆ ಹಚ್ಚಲೆಂದೋ ಮಾರುವ ಎಣ್ಣೆಯನ್ನು, ಅದು ಎಷ್ಟೇ ಶುದ್ಧವೆಂದು ಬರೆದಿರಲಿ, ಅಡುಗೆಗೆ ಹಾಕಬೇಡಿ. ಆಹಾರಕ್ಕೆಂದೇ ತಯಾರಿಸಿದ್ದನ್ನೇ ತನ್ನಿ. ಚಿಕ್ಕ ಶೀಶೆ ಸಾಕು. ಮುಚ್ಚಳ ಬಿಗಿಮಾಡಿ ಒಲೆಯಿಂದ ದೂರ, ಬಿಸಿಲು ಬೀಳದ ಕಡೆ ಇಡಿ.